ಸುಮ್ಮನೆ ಕೂತಿದ್ದೆ

ಗ್ರಿಮ್ಸ್‌ಬಿಯ ನಮ್ಮ ಔಷಧಿ ಅಂಗಡಿಗೆ
ಕಣ್ಣಿನ ಡಾಕ್ಟರ ಚೀಟಿ ಹಿಡಿದು ಬಂದವನು ವಿಲ್ಫ್ ಆಗ್ಲಿ.
ನಲವತ್ತು ವರ್ಷ ಮೀನಿಗೆ ಉಪ್ಪು ಸವರಿ ಹೊಗೆ ಹಿಡಿಸಿದವನು,
ಹೆಸರಿನಂತೆಯೇ ಎಲ್ಲಕ್ಕೂ ಆಗಲಿ ಎನ್ನುವವನು.
ಕಣ್ಣ ಹಿಂದೆ ಒಂದು ಹನಿ ರಕ್ತ. ನೋವಿಲ್ಲ.
ನೂರ ಎಂಬತ್ತೆರಡು, ಕೆಳಗೆ ನೂರ ನಾಲ್ಕು.
"ಬಿಳಿ ಕೋಟು ಕಂಡರೆ ನನಗೆ ಹೀಗೇ."
ಇರಬಹುದು, ಅದೂ ಒಂದು ಬಗೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು
ಎಂಬುದನ್ನು ಇಂಗ್ಲಿಷಿಗೆ ಎಳೆತಂದು ಹೇಳಿದೆ.
"ನೀರಾ?" ನಕ್ಕ.
ಮೂತ್ರಪಿಂಡ, ಹೃದಯ, ಮಿದುಳು,
ಹೆಸರು ಕೂಗುತ್ತ ಹೋದೆ
ಬಾಕಿ ವಸೂಲಿಗೆ ಬಂದವಳ ಹಾಗೆ.

ತೋಳಿಗೆ ಯಂತ್ರ ಕಟ್ಟಿ ಕಳಿಸಿದೆ,
ಒಂದು ಹಗಲು, ಒಂದು ರಾತ್ರಿ.
ಅದು ಹಿಂಡಿದಾಗಲೆಲ್ಲ
ಏನು ಮಾಡುತ್ತಿದ್ದಿರಿ, ಬರೆಯಿರಿ.

ಬರೆದಿದ್ದ, ದಪ್ಪ ಪೆನ್ಸಿಲಿನಲ್ಲಿ:
ಚಹಾ. ನಾಯಿ ಜೊತೆ ಹಡಗುಕಟ್ಟೆ ತನಕ.
ಆಲೂಗಡ್ಡೆ ಸುಲಿದೆ. ಮಗಳ ಫೋನು.
ನಾಯಿ ಹಗ್ಗ ಜಗ್ಗಿದಾಗಲೂ ನೂರ ಅರವತ್ತು ದಾಟಿಲ್ಲ.
ಇಳಿಯಬೇಕಾದ ಹೊತ್ತು, ಬೆಳಗಿನ ಜಾವ ಮೂರೂವರೆ,
ಇನ್ನೂರ ಒಂದು.
ಎದುರಿಗೆ: ಸುಮ್ಮನೆ ಕೂತಿದ್ದೆ.

"ಎಲ್ಲಿ?"
"ಮೆಟ್ಟಿಲ ಮೇಲೆ."

ಮಾತ್ರೆಯ ಡಬ್ಬಿ ಬದಿಗಿಟ್ಟು ಕುರ್ಚಿ ಎಳೆದುಕೊಂಡೆ.
ಅವನ ಹಿಂದೆ ಸಾಲು ಬೆಳೆಯುತ್ತಿತ್ತು.