ಬೈತಖೋಲದಲ್ಲಿ ತಡೆಯ ಲೆಕ್ಕ

ಬೈತಖೋಲದ ಧಕ್ಕೆಯಲ್ಲಿ, ಟ್ರಾಲರಿನ ಹೊಟ್ಟೆಯಡಿ
ಇನಾಸ ವೆಲ್ಡಿಂಗಿಗೆ ಕೂತಿದ್ದಾನೆ.
ಜೂನು ಜುಲೈ ರಜೆ ಮೀನಿಗೆ, ಅವನಿಗಲ್ಲ.
ಲ್ಯಾಬಿನ ಮುರಿದ ಸ್ಟ್ಯಾಂಡ್ ಹಿಡಿದು ಕಾಯುತ್ತಿದ್ದೇನೆ ನಾನು.

ಕೇಬಲ್ಲು ಮುಟ್ಟಿ ನೋಡಿ ಮೇಡಂ, ಅಂದ. ಕಾದಿತ್ತು.
ಬಿಸಿಯಾದಷ್ಟೂ ತಾಮ್ರದ್ದು ತಕರಾರು, ಎಂದೆ,
ಪಾಠದ ಚಟ ಬಿಡದೆ.
ಒಳಗಿನ ಕಣಗಳು ನಿಂತಲ್ಲೇ ಕುಣಿದು
ಹಾಯುವವರಿಗೆ ಮೊಣಕೈ ತಿವಿಯುತ್ತವೆ.

ನಿನ್ನ ಕಿಡಿಯ ಜಾತಿ ಬೇರೆ.
ಅದರ ದೊಡ್ಡಪ್ಪ ಇದ್ದಾನೆ,
ಟೊಕಾಮಾಕ್ ಎಂಬ ಪೊಳ್ಳು ಬಳೆಯೊಳಗೆ,
ಗೋಡೆ ಮುಟ್ಟದಂತೆ ಕಾಂತ ಕಟ್ಟಿ ಹಾಕಿದ ಪ್ಲಾಸ್ಮಾ.
ಅಲ್ಲಿ ಕಾದಷ್ಟೂ ತಡೆ ಕಡಿಮೆ.
ಎಲೆಕ್ಟ್ರಾನಿನ ಓಟ ಎಂಥದೆಂದರೆ
ಎದುರು ಸಿಕ್ಕವರ ಕಡೆ
ಕತ್ತು ಹೊರಳಿಸಲೂ ಪುರುಸೊತ್ತಿಲ್ಲ.
ಎರಡು ಕೋಟಿ ಡಿಗ್ರಿಗೆ ತಾಮ್ರವೂ ಸೋಲಬೇಕು.

ತೊಡಕೂ ಅಲ್ಲೇ, ಇನಾಸ:
ತಡೆಯಿಲ್ಲದಲ್ಲಿ ಕರೆಂಟು
ಹರಿದೂ ಹರಿದೂ ಕಾಯಿಸಲಾರದು.
ಸೂರ್ಯನಾಗಲು ಇನ್ನೂ ಹತ್ತು ಕೋಟಿಯ ದಾರಿ;
ಹೊರಗಿನಿಂದ ಯಾರಾದರೂ ಕಿರಣ ತೂರಬೇಕು.

ಮುಖವಾಡ ಎತ್ತಿದ. ಗಲ್ಲದ ತುಂಬ ಬೆವರು.
"ನಮ್ಮ ತಮ್ಮ ಸಾಂತಾನ ಹಾಗೇ.
ಐದು ವರ್ಷ ಬೈದೆ.
ಮೊದಮೊದಲು ಉರಿದು ಬೀಳ್ತಿದ್ದ.
ಈಗ ಏನಂದ್ರೂ ಹಾಗೇ ದಾಟಿ ಹೋಗ್ತದೆ ಅವನೊಳಗಿಂದ."

ನನ್ನ ಪುಸ್ತಕದಲ್ಲಿ ಇದಕ್ಕೆ ಸೂತ್ರವಿರಲಿಲ್ಲ.
"ಕಿರಣ ಯಾರು ತೂರೂದು ಅವನಿಗೆ?" ಎಂದ,
ಉತ್ತರಕ್ಕೆ ಕಾಯದೆ ಹೊಸ ಕಡ್ಡಿ ಸಿಕ್ಕಿಸಿದ.

ಕಣ್ಣು ಕೂರ್ಮಗಡದ ಕಡೆ ತಿರುಗಿಸಿದೆ.
ರೆಪ್ಪೆಯೊಳಗೆ ಹಸಿರು ಗೆರೆ.

ಬೆಸೆದ ಸ್ಟ್ಯಾಂಡನ್ನು ಉಪ್ಪುನೀರಿನ ಬಕೆಟ್ಟಿಗೆ ಅದ್ದಿದ.
ಚುಸ್ ಎಂದಿತು.
ನಲವತ್ತು ರೂಪಾಯಿ.
ಚಿಲ್ಲರೆ ಇರಲಿಲ್ಲ, ಇಬ್ಬರ ಬಳಿಯೂ.