ಉಗುರಿನಷ್ಟ

ಕಲ್ಲೊಡೆಯಾಂವ ನಾ. ಸೀಳೂ ಮೊದಲ
ನಡುವ ಒಂದು ಅಡ್ಡ ಸುಣ್ಣದ ಗೀಟು ಎಳೀತೀನಿ,
ಅರ್ಧ ಇತ್ತಾಗ, ಅರ್ಧ ಅತ್ತಾಗ,
ಗೋಡ್ಯಾಗ ಇಡೂ ಮುಂದ ಜೋಡು ತಪ್ಪಬಾರದಂತ.
ಐದು ಪೆಟ್ಟಿಗೆ ಸುಮ್ಮನಿದ್ದ ಬಂಡೆ
ಆರನೇದಕ್ಕ ಉಸಿರು ಬಿಟ್ಟು ಎರಡಾಗತೈತಿ.

ಕಾಣಕೋಣದ ಸಮುದ್ರದ ದಂಡಿಗೆ
ಹೋಟೆಲಿನ ಕಂಪೌಂಡು ಕಟ್ಟಾಕತ್ತಿದ್ವಿ.
ಕಲ್ಲು ಓದೂ ಬಾಯಿ ಒಬ್ಬಾಕಿ ಬಂದಳು, ಕುಂದಾ ಗಾಂವಕಾರ.
ತೆರಿ ಬಡಿಯೂ ಬಂಡೆಗೆ ಭೂತಗನ್ನಡಿ ಹಿಡದು
ಮುರುಕು ಕನ್ನಡದಾಗ ಅಂದಳು:
"ಹುಲಗಪ್ಪಾ, ಇದರ ಜೋಡು ಮಡಗಾಸ್ಕರದಾಗ ಐತಿ."

ಅಂಚಿನ ಮ್ಯಾಲ ಕೈ ಆಡಿಸಿದೆ.
ಉಳಿ ತೂತಿಲ್ಲ. ಗೀಟಿಲ್ಲ.
"ಅಷ್ಟು ದೂರ ಯಾರು ಹೊತ್ತರ್ರೀ ಬಾಯಾರ? ಕೂಲಿ ಏನು ಕೊಟ್ಟರು?"

ನಗಲಿಲ್ಲ ಆಕಿ.
"ಹೊತ್ತಿಲ್ಲ. ನೆಲಾನ ಸರದೈತಿ,
ವರ್ಷಕ್ಕ ನಿನ್ನ ಉಗುರು ಬೆಳದಷ್ಟ."

ಅದ ವಾರ ಸುತ್ತಿಗಿ ಜಾರಿತು.
ಹೆಬ್ಬಟ್ಟಿನ ಉಗುರ ಬುಡಕ್ಕ ರಕ್ತ ಕಪ್ಪಗ ಕುಂತಿತು,
ಜ್ವಾಳದ ಕಾಳಿನಷ್ಟು.
ನೋಡಿದಾಗೆಲ್ಲ ನಿಂತಲ್ಲೇ ನಿಂತಿರತಿತ್ತು.
ಪಾಯಾ ತುಂಬಿದಾಗ ಬುಡ ಬಿಟ್ಟಿತ್ತು.
ಮಳಿಗೆ ನಿಂತ ಕೆಲಸ ಮತ್ತ ಹಿಡಿದಾಗ ನಡುವಿನ ತನಕ.
ಹಿಂಗ ಸರಿಯೂದು ನೋವಾಗೂದಿಲ್ಲ, ಅದ ಸೋಜಿಗ;
ನೋವೆಲ್ಲಾ ಮೊದಲನೇ ಪೆಟ್ಟಿಗೆ ಮುಗದಿತ್ತು.

ಗೇಟಿನ ಕಂಬ ನಿಲ್ಲಿಸಿದ ದಿನ ತುದಿಗೆ ಬಂತು.
ಬ್ಲೇಡಿಲೆ ಕೊಯ್ದೆ. ಕರಿ ಚೂರು ಉಸುಕಿಗೆ ಬಿತ್ತು,
ಇಳಿಯೂ ನೀರು ಎಳಕೊಂಡು ಹೋತು.

ಲಾರಿ ಹತ್ತೂ ಮೊದಲ ಓಡಿಹೋಗಿ
ಆ ಬಂಡೆ ಅಂಚಿಗೆ ಗೀಟು ಎಳದು ಬಂದೆ,
ಅರ್ಧ ಅಷ್ಟ.
ಅಲ್ಲೂ ಒಬ್ಬಾಂವ ಇರಬೇಕಲ್ಲ,
ಕೈಯಾಗ ಸುಣ್ಣ ಹಿಡದು.