ಏಳು ದಾಟಿದ ಮೇಲೆ

ಕೂತ್ಕೋ ಅನ್ನಲ್ಲ, ನಿಂತೇ ಕೇಳು.
ಗೋಡೆ ಗಡಿಯಾರ ನೋಡು: ಏಳೂ ಇಪ್ಪತ್ತು.
ಐದು ನಿಮಿಷ ಮುಂದಿದೆ, ಅದನ್ನೂ ಕಳಿ.
ಆದರೂ ಏಳು ದಾಟಿದೆ.

ತಡಿ, ಬರ್ಕೊಳ್ತೀನಿ.
ಮಗಳ ಲೆಕ್ಕದ ಪುಸ್ತಕ ಇದು,
ಮುಂದಿನಿಂದ ಅವಳ ಭಾಗಾಕಾರ,
ಹಿಂದಿನಿಂದ ನೀನು.
ಮಂಗಳವಾರ, ಬೆಳಗಿನ ಆರೂ ಹತ್ತು: ಫೋನು, ಮೂರು ಸಲ.
ಬುಧವಾರ: ಮುಬೀನಾ ಮನೆ ಮುಂದೆ ನಿಂತು ನನ್ನ ಹೆಸರು ಕೂಗಿದ್ದು.
ಗುರುವಾರ: ಗೂಡಿನ ಮಾರ್ಕೆಟ್ಟಿನಲ್ಲಿ, ಹರಾಜಿನ ನಡುವೆ,
ಯಜಮಾನರ ಕಿವಿಗೆ ನನ್ನ ಬಾಕಿ.
ಶುಕ್ರವಾರ ಏನೂ ಇಲ್ಲ.
ಹುಷಾರಿಲ್ವೇನೋ ಅಂದ್ಕೊಂಡೆ.

ಇಪ್ಪತ್ತೆರಡು ವರ್ಷ ಈ ಶಿಡ್ಲಘಟ್ಟದಲ್ಲಿ
ಬಾಣಲೆ ಮುಂದೆ ಕೂತವಳು ನಾನು.
ಕುದಿನೀರಲ್ಲಿ ಗೂಡು ಕುಣೀತಿರುತ್ತೆ,
ಬರೀ ಸಿಕ್ಕು ಅನ್ಸುತ್ತೆ.
ಕಣ್ಣಿಗೆ ಕಾಣದ ತುದಿ ಬೆರಳಿಗೆ ಸಿಗುತ್ತೆ.
ಸಿಕ್ಕಿತೋ, ಅರ್ಧ ಮೈಲಿ ಎಳೆ ತಾನಾಗೇ ಬರುತ್ತೆ.
ನಿನ್ನ ಮಾತಿಗೂ ಒಂದು ತುದಿ ಇರ್ಬೇಕಲ್ಲ,
ಹುಡುಕಿದೆ.

ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಸುಗುಣಮ್ಮ
ಕನ್ನಡಕ ಏರಿಸಿ ಓದಿ ಹೇಳಿದಳು:
ಬೆಳಿಗ್ಗೆ ಎಂಟರ ಮುಂಚೆ ಇಲ್ಲ, ಸಂಜೆ ಏಳರ ಮೇಲಿಲ್ಲ.
ಕಾರ್ಡು ತೋರಿಸಬೇಕು. ಕಟ್ಟಿದ್ದಕ್ಕೆ ರಸೀದಿ.
ಪಕ್ಕದ ಮನೆಗೆ ಸಾರುವ ಹಾಗಿಲ್ಲ.
ಇಷ್ಟೇನಾ, ಅಂದೆ.
ಇಷ್ಟೇ, ಮೂರು ರೂಪಾಯಿ ಕೊಡು ಕಾಪಿಗೆ, ಅಂದಳು.

ಈ ಹೆಬ್ಬೆರಳು ನೋಡು.
ಬೆಂದೂ ಬೆಂದೂ ಗೆರೆಗಳೇ ಉಳಿದಿಲ್ಲ.
ರೇಷನ್ ಅಂಗಡಿ ಮಿಷನ್ನಿಗೆ ನಾನು ಯಾರೋ,
ಒರೆಸ್ಕೊಂಡು ಬಾ, ನಾಳೆ ಬಾ, ಅನ್ನುತ್ತೆ.
ನಿಮ್ಮ ಸಾಲದ ಮಿಷನ್ನು ಮಾತ್ರ
ಒಂದೇ ಸಲಕ್ಕೆ ಗುರುತು ಹಿಡಿಯಿತು.
ಅವತ್ತು ಮೇಡಂ ಅಂದಿದ್ದೆ ನೀನು.

ಸಾಲ ಇಲ್ಲ ಅಂತ ಯಾರಂದ್ರು? ಇದೆ.
ಮೂವತ್ತೊಂದು ವಾರ ಕಟ್ಟಿದೀನಿ.
ಗೂಡಿನ ರೇಟು ಏರಿ ಬಾಣಲೆ ತಣ್ಣಗಾದ
ಎರಡು ವಾರ ತಪ್ಪಿದೆ.
ಕೊಡಬೇಕಾದ್ದು ದುಡ್ಡು.
ಮರ್ಯಾದೆ ಅಡ ಇಟ್ಟಿದ್ದು ನೆನಪಿಲ್ಲ,
ಕಾಗದ ತಗಿ, ಎಲ್ಲಾದರೂ ಬರೆದಿದ್ದರೆ
ಬೆರಳಿಟ್ಟು ತೋರ್ಸು.

ಈಗ ಕಾರ್ಡು.
ಇಲ್ವಾ? ಬಿಟ್ಟು ಬಂದ್ಯಾ?
ಹೋಗ್ಲಿ, ಹೆಸರು ಹೇಳು. ಭರತೇಶ.
ಯಾವ ಶ? ಉದ್ದಕ್ಕೆ ಸೀಳಿದ್ದಾ, ಶಂಖದ್ದಾ?
ಮಗಳು ಒಳಗಿಂದ ನಗ್ತಾಳೆ, ನೋಡು,
ನನ್ನ ಕನ್ನಡಕ್ಕೆ.

ಸೋಮವಾರ ಎಂಟರ ಮೇಲೆ ಬಾ.
ಕಾರ್ಡು ತಾ, ರಸೀದಿ ಪುಸ್ತಕ ತಾ.
ಒಂದು ವಾರದ್ದು ಸಕ್ಕರೆ ಡಬ್ಬಿಯಲ್ಲಿ ಎತ್ತಿಟ್ಟಿದೀನಿ.
ಹೋಗುವಾಗ ಎರಡನೇ ಮೆಟ್ಟಿಲು ನೋಡ್ಕೋ,
ಕಲ್ಲು ಅಲುಗುತ್ತೆ.
ಮೊಬೈಲ್ ಬೆಳಕು ಹಾಕ್ಕೋ.